ಫ್ರಿಡ್ಜ್‌ನಲ್ಲಿ ಹಾವು! ಸೆಕೆ ಊರಲ್ಲಿ ಹಾವಿಗೆ ಚಳಿಗಾಲ ಮಾಡೋದು ಹೇಗೆ? ಮಾಡಲೇಬೇಕಾ?

ಶಿವಮೊಗ್ಗ: ಅಮೆರಿಕದ ಫ್ಲೋರಿಡಾ ರಾಜ್ಯದಲ್ಲಿ ಹಾವು ಸಾಕುವ ಕೆಲವರ ಮನೆಯಲ್ಲಿ ವೈನ್ ಬಾಟಲಿ ಇಡುವ ಸಣ್ಣ ಫ್ರಿಡ್ಜ್ ಇರುತ್ತೆ. ಬಾಗಿಲು ತೆಗೆದರೆ ಒಳಗೆ ವೈನ್ ಇರಲ್ಲ. ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಸುರುಳಿ ಸುತ್ತಿಕೊಂಡು ಮಲಗಿದ ಹಾವುಗಳಿರುತ್ತವೆ! ಡಿಸೆಂಬರ್‌ನಲ್ಲಿ ಒಳಗೆ ಹೋದ ಹಾವು ಹೊರಗೆ ಬರೋದು ಫೆಬ್ರವರಿ ಕೊನೆಗೆ. ಅಷ್ಟು ದಿನ ಊಟ ಇಲ್ಲ, ನೀರು ಮಾತ್ರ.

ನೋಡಿದವರಿಗೆ ಇದು ಹಿಂಸೆ ಅನ್ನಿಸಬಹುದು. ಆದರೆ ಅಲ್ಲಿ ನಡೀತಿರೋದು ಹಾವಿನ ಮದುವೆ ತಯಾರಿ. ಚಳಿ ಊರಿನ ಹಾವಿಗೆ ಚಳಿಗಾಲ ಸಿಗದಿದ್ದರೆ ಎಷ್ಟೋ ಸಲ ಅದು ಜೋಡಿಯಾಗಲ್ಲ, ಜೋಡಿಯಾದರೂ ಮೊಟ್ಟೆ ಗೊಡ್ಡಾಗುತ್ತೆ. ಊರೇ ಬೆಚ್ಚಗಿದ್ದರೆ ಚಳಿಗಾಲವನ್ನ ಮನೆಯೊಳಗೆ ಮಾಡಿಕೊಡಬೇಕಾಗುತ್ತೆ.

ನಮ್ಮ ಜಿಲ್ಲೆಗೂ ಇದಕ್ಕೂ ಏನು ಸಂಬಂಧ ಅಂತೀರಾ? ಸಂಬಂಧ ಇದೆ. 2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಬ್ಯಾಗ್‌ಗಳನ್ನು ಕಸ್ಟಮ್ಸ್‌ನವರು ತೆಗೆದು ನೋಡಿದಾಗ 55 ಬಾಲ್ ಪೈಥಾನ್‌, 17 ಕಾಳಿಂಗ ಸರ್ಪ ಸಿಕ್ಕಿದ್ದವು. 2024ರ ಏಪ್ರಿಲ್‌ನಲ್ಲಿ ಅದೇ ನಿಲ್ದಾಣದಲ್ಲಿ ಇನ್ನೊಬ್ಬ ಪ್ರಯಾಣಿಕನ ಸೂಟ್‌ಕೇಸ್‌ನಲ್ಲಿ 10 ಹಳದಿ ಅನಕೊಂಡ. ಕೊಳ್ಳೋರು ಇಲ್ಲದೆ ಇಷ್ಟೊಂದು ಹಾವನ್ನ ಯಾರೂ ಹೊತ್ತು ತರಲ್ಲ. ಹೀಗೆ ಬಂದ ಹಾವು ಕೈಯಿಂದ ಕೈಗೆ ದಾಟಿ ಯಾವ ಊರಿಗೆ ಬೇಕಾದರೂ ತಲುಪಬಹುದು. ‘ಒಂದು ಜೋಡಿ ಇಟ್ಕೊಂಡ್ರೆ ಮರಿ ಮಾಡಿಸಿ ಮಾರಬಹುದು’ ಅನ್ನೋ ಲೆಕ್ಕಾಚಾರವೂ ಅದರ ಹಿಂದೆಯೇ ಬರುತ್ತೆ. ಹಾಗಾಗಿ ಈ ಚಳಿಯ ವಿಚಾರವನ್ನು ಸ್ವಲ್ಪ ಬಿಡಿಸಿ ನೋಡೋಣ.

ಹಾವಿಗೆ ಚಳಿ ಯಾಕೆ ಬೇಕು?

ಹಾವು ಶೀತರಕ್ತ ಪ್ರಾಣಿ ಅಂತ ಶಾಲೆಯಲ್ಲಿ ಓದಿದ್ದೇವೆ. ಅದರ ರಕ್ತ ಯಾವಾಗಲೂ ತಣ್ಣಗಿರುತ್ತೆ ಅಂತ ಇದರ ಅರ್ಥ ಅಲ್ಲ. ನಮ್ಮ ಹಾಗೆ ಮೈಯೊಳಗೇ ಶಾಖ ಮಾಡಿಕೊಂಡು 37 ಡಿಗ್ರಿಯಲ್ಲಿ ನಿಲ್ಲಿಸಿಕೊಳ್ಳೋ ವ್ಯವಸ್ಥೆ ಅದಕ್ಕಿಲ್ಲ. ಸುತ್ತಲಿನ ನೆಲ, ಕಲ್ಲು, ಗಾಳಿ ಎಷ್ಟು ಬಿಸಿಯೋ ಹಾವೂ ಹೆಚ್ಚುಕಡಿಮೆ ಅಷ್ಟೇ ಬಿಸಿ. ಬಿಸಿಲಿದ್ದರೆ ಚುರುಕು, ತಂಪಿದ್ದರೆ ಮಂಕು. ತಿಂದದ್ದು ಕರಗೋದು, ಹೃದಯ ಬಡಿಯೋದು, ಬೀಜ ಮತ್ತು ಮೊಟ್ಟೆ ಬಲಿಯೋದು ಎಲ್ಲವೂ ಆ ಶಾಖದ ಮೇಲೆಯೇ ನಿಂತಿದೆ.

ಚಳಿ ದೇಶದ ಹಾವುಗಳು ಚಳಿಗಾಲದಲ್ಲಿ ನೆಲದೊಳಗೆ ಇಳಿದು ಬಿಡ್ತವೆ. ಕರಡಿ, ಅಳಿಲು ಮಲಗೋ ಚಳಿನಿದ್ದೆಗೂ ಇದಕ್ಕೂ ವ್ಯತ್ಯಾಸ ಇದೆ. ಹಾವು ನಡುನಡುವೆ ಎಚ್ಚರ ಆಗುತ್ತೆ, ಸ್ವಲ್ಪ ಸರಿದಾಡುತ್ತೆ, ನೀರು ಕುಡಿಯುತ್ತೆ, ಮತ್ತೆ ಸುಮ್ಮನಾಗುತ್ತೆ. ಇದಕ್ಕೆ ‘ಬ್ರೂಮೇಷನ್’ ಅನ್ನೋ ಬೇರೆ ಹೆಸರನ್ನೇ 1965ರಲ್ಲಿ ಮೇಹ್ಯೂ ಎಂಬ ಅಮೆರಿಕದ ವಿಜ್ಞಾನಿ ಬಳಕೆಗೆ ತಂದರು. ಅವರು ನೋಡುತ್ತಿದ್ದುದು ಮರುಭೂಮಿಯ ಒಂದು ಹಲ್ಲಿಯನ್ನು. ಆ ಪದವನ್ನು ಈಗ ಹಾವು ಸಾಕುವವರೇ ಹೆಚ್ಚು ಬಳಸೋದು.

ಕೆನಡಾದ ಮಾನಿಟೋಬಾ ಪ್ರಾಂತ್ಯದಲ್ಲಿ ನಾರ್ಸಿಸ್ ಅಂತ ಒಂದು ಜಾಗ ಇದೆ. ಸುಣ್ಣಕಲ್ಲಿನ ಬಿರುಕುಗಳ ಒಳಗೆ, ಹಿಮ ತಲುಪದ ಆಳದಲ್ಲಿ, ಗಾರ್ಟರ್ ಹಾವುಗಳು ಅರ್ಧ ವರ್ಷಕ್ಕೂ ಮೀರಿ ಅಡಗಿರ್ತವೆ. ಏಪ್ರಿಲ್ ಕೊನೆ, ಮೇ ಮೊದಲ ವಾರಗಳಲ್ಲಿ ಸಾವಿರಾರು ಹಾವು ಒಟ್ಟಿಗೆ ಹೊರಗೆ ಬರುತ್ತವೆ. ಬಂದ ತಕ್ಷಣ ಊಟ ಹುಡುಕಲ್ಲ, ಜೋಡಿ ಹುಡುಕ್ತವೆ. ಈ ಹಾವುಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಒಂದು ವಿಚಿತ್ರ ಸಂಗತಿ ಗೊತ್ತಾಯ್ತು. ಜೋಡಿ ಹುಡುಕುವ ಹೊತ್ತಿನಲ್ಲಿ ಗಂಡಿನ ಮೈಯಲ್ಲಿ ಗಂಡು ಹಾರ್ಮೋನ್ ಏನೂ ಏರಿರಲ್ಲ. ವಾರಗಟ್ಟಲೆ ಚಳಿಯಲ್ಲಿದ್ದು ನಂತರ ಬಿಸಿ ತಾಗಿದ್ದೇ ಅದಕ್ಕೆ ಸೂಚನೆ. ಚಳಿ ಸಿಗದ ಗಂಡು, ಹೆಣ್ಣು ಎದುರಿಗಿದ್ದರೂ ಸುಮ್ಮನೆ ಇರುತ್ತೆ. ಬೀಜ ಮಾತ್ರ ಹಿಂದಿನ ಬೇಸಿಗೆಯಲ್ಲೇ ತಯಾರಾಗಿ ಮೈಯೊಳಗೆ ದಾಸ್ತಾನು ಇರುತ್ತೆ.

ಇದು ತೀರಾ ಚಳಿ ದೇಶದ ಕಥೆ. ಪ್ರಪಂಚದಲ್ಲಿ ಹೆಚ್ಚು ಮನೆಗಳಲ್ಲಿ ಸಾಕುವ ಹಾವುಗಳಲ್ಲಿ ಒಂದಾದ ಕಾರ್ನ್ ಸ್ನೇಕ್ ಇಷ್ಟು ಹಟಮಾರಿ ಅಲ್ಲ. ಅಮೆರಿಕದ ಆಗ್ನೇಯ ಭಾಗ ಇದರ ತವರು. ಉತ್ತರದಲ್ಲಿ ಹಿಮ ಬೀಳೋ ನ್ಯೂಜೆರ್ಸಿಯಿಂದ ಹಿಡಿದು ದಕ್ಷಿಣದಲ್ಲಿ ಫ್ಲೋರಿಡಾದ ತುದಿಯ ದ್ವೀಪಗಳವರೆಗೆ ಇದೆ. ವಿಷ ಇಲ್ಲ. ಕಿತ್ತಳೆ ಮೈಮೇಲೆ ಕೆಂಪು ಪಟ್ಟೆ, ಮೂರ್ನಾಲ್ಕು ಅಡಿ ಉದ್ದ. ಮೆಕ್ಕೆಜೋಳದ ಕಣಜಕ್ಕೆ ಇಲಿ ಹುಡುಕಿಕೊಂಡು ಬರುವ ಹಾವು, ಅದಕ್ಕೇ ಆ ಹೆಸರು ಅಂತಾರೆ. ನಮ್ಮ ಕೇರೆಹಾವಿನ ದೂರದ ನೆಂಟ ಅಂದುಕೊಳ್ಳಿ, ಕಸುಬೂ ಅದೇ.

ಮೊದಲ ಕೆಲಸ ಹೊಟ್ಟೆ ಖಾಲಿ ಮಾಡಿಸೋದು

ಚಳಿಗೆ ಇಡೋದು ಅಂದ್ರೆ ಡಬ್ಬಿಯನ್ನ ತಣ್ಣಗಿನ ಜಾಗಕ್ಕೆ ಎತ್ತಿಡೋದು ಅಂತ ಹೊಸಬರು ಅಂದುಕೊಳ್ತಾರೆ. ಅನುಭವಿಗಳ ಪ್ರಕಾರ ಅರ್ಧ ಕೆಲಸ ಇರೋದು ಅದಕ್ಕಿಂತ ಮುಂಚೆ.

ಹಾವು ನುಂಗಿದ ಇಲಿ ಕರಗಬೇಕಾದರೆ ಮೈ 27-30 ಡಿಗ್ರಿ ಬಿಸಿ ಇರಬೇಕು. ತಂಪಾದರೆ ಜೀರ್ಣರಸದ ಕೆಲಸ ನಿಧಾನವಾಗಿ ಕೊನೆಗೆ ನಿಂತೇ ಹೋಗುತ್ತೆ. ಹೊಟ್ಟೆಯಲ್ಲಿರೋ ಇಲಿ ಮಾತ್ರ ಅಲ್ಲೇ ಇರುತ್ತೆ. ಇಡೀ ಇಲಿ, ಕೂದಲು ಮೂಳೆ ಸಮೇತ! ಅದು ಒಳಗೇ ಕೊಳೆಯೋಕೆ ಶುರುವಾಗುತ್ತೆ. ಚಳಿಗೆ ಇಟ್ಟ ಹಾವು ಸಾಯೋಕೆ ಎಲ್ಲಕ್ಕಿಂತ ಸಾಮಾನ್ಯ ಕಾರಣ ಇದೇ. ಚಳಿಗಿಂತ ಹೊಟ್ಟೆಯಲ್ಲಿ ಉಳಿದ ಊಟವೇ ಅದನ್ನ ಹೆಚ್ಚಾಗಿ ಕೊಲ್ಲೋದು.

ಅದಕ್ಕೇ ಕೊನೆಯ ಊಟ ಆದ ಮೇಲೆ ಕನಿಷ್ಠ ಎರಡು ವಾರ, ಮೂರಾದರೆ ಇನ್ನೂ ಒಳ್ಳೇದು, ಹಾವನ್ನು ಎಂದಿನ ಬಿಸಿಯಲ್ಲೇ ಉಪವಾಸ ಇಡ್ತಾರೆ. ಬಿಸಿ ತೆಗೆದು ಉಪವಾಸ ಇಟ್ಟರೆ ಪ್ರಯೋಜನ ಇಲ್ಲ. ಬಿಸಿ ಇದ್ದರೇ ಹೊಟ್ಟೆ ಖಾಲಿ ಆಗೋದು. ಮಲ ಹಾಕಿದ್ದನ್ನು ಕಣ್ಣಾರೆ ನೋಡಿದ ಮೇಲೆ ಮುಂದಿನ ಹೆಜ್ಜೆ.

ಆಮೇಲೆ ಒಂದೆರಡು ವಾರದಲ್ಲಿ ಮೆಟ್ಟಿಲು ಇಳಿಸಿದ ಹಾಗೆ ಶಾಖ ಇಳಿಸ್ತಾರೆ. ಮೊದಲು ಹೀಟರ್ ಬಂದ್, ಆಮೇಲೆ ಕೋಣೆ ತಂಪು, ಕೊನೆಗೆ 10ರಿಂದ 15 ಡಿಗ್ರಿಯ ನಡುವೆ ಒಂದು ಕಡೆ ನಿಲ್ಲಿಸ್ತಾರೆ. ಅಲ್ಲಿ ಎಂಟರಿಂದ ಹನ್ನೆರಡು ವಾರ. ಕತ್ತಲೆ, ಸದ್ದಿಲ್ಲದ ಜಾಗ. ನೀರಿನ ಬಟ್ಟಲು ಮಾತ್ರ ಯಾವತ್ತೂ ಒಣಗಬಾರದು. ವಾರಕ್ಕೊಮ್ಮೆ ಇಣುಕಿ ನೋಡೋದು, ಆಗಾಗ ತೂಕ ಹಾಕೋದು. ಚಳಿಯಲ್ಲಿರೋ ಹಾವಿನ ತೂಕ ಇಳಿಯೋದು ಅತ್ಯಲ್ಪ. ನೂರು ಗ್ರಾಂಗೆ ಹತ್ತು ಗ್ರಾಂ ಇಳಿದಿದೆ ಅಂದ್ರೆ ಏನೋ ಯಡವಟ್ಟಾಗಿದೆ ಅಂತಲೇ ಲೆಕ್ಕ. ಬಾಯಿ ತೆರೆದು ಉಸಿರಾಡ್ತಿದ್ರೆ, ಮೂಗಲ್ಲಿ ಗುಳ್ಳೆ ಬರ್ತಿದ್ರೆ ಶ್ವಾಸಕೋಶಕ್ಕೆ ಸೋಂಕು. ಅಂಥದ್ದನ್ನ ನಿಧಾನವಾಗಿ ಬಿಸಿಗೆ ತಂದು ವೈದ್ಯರ ಹತ್ತಿರ ಒಯ್ಯಬೇಕು. ಆ ವರ್ಷದ ಮರಿ ಆಸೆ ಅಲ್ಲಿಗೆ ಬಿಟ್ಟ ಹಾಗೆ.

ಎಲ್ಲ ಹಾವನ್ನೂ ಹೀಗೆ ಇಡಲ್ಲ. ಮರಿ, ಬಡಕಲು ಹಾವು, ಇತ್ತೀಚೆಗೆ ಕಾಯಿಲೆ ಬಿದ್ದದ್ದು, ಈಗಷ್ಟೇ ಮನೆಗೆ ಬಂದದ್ದು, ಇವಕ್ಕೆ ಚಳಿ ಬೇಡವೇ ಬೇಡ. ಹೆಣ್ಣಿಗೆ ಮೂರು ವರ್ಷ ತುಂಬಿರಬೇಕು, ಮೈಕೈ ತುಂಬಿಕೊಂಡಿರಬೇಕು. ಮೊಟ್ಟೆ ಇಡೋದು ಅಂದ್ರೆ ಮೈಯಲ್ಲಿರೋ ಕೊಬ್ಬು, ಸುಣ್ಣದಂಶ ಎಲ್ಲ ಕರಗಿಸಿ ಕೊಡೋ ಕೆಲಸ. ಎಳೆ ಹೆಣ್ಣಿಗೆ ಮೊಟ್ಟೆ ಹೊರಗೆ ಬರದೆ ಸಿಕ್ಕಿಕೊಂಡರೆ ಪ್ರಾಣವೇ ಹೋಗುತ್ತೆ.

ಹೊರಗೆ ತರುವಾಗಲೂ ಅವಸರ ಇಲ್ಲ. ಕೆಲವು ದಿನ ತಗೊಂಡು ಬಿಸಿ ಏರಿಸಿ, ಒಂದು ವಾರ ಬಿಟ್ಟು ಸಣ್ಣ ಊಟ ಕೊಡ್ತಾರೆ. ಮೂರ್ನಾಲ್ಕು ವಾರದಲ್ಲಿ ಹೆಣ್ಣು ಪೊರೆ ಬಿಡುತ್ತೆ. ಅಷ್ಟೊತ್ತಿಗೆ ಗಂಡನ್ನು ಹತ್ತಿರ ಬಿಡೋದು. ಒಂದು ಒಂದೂವರೆ ತಿಂಗಳಿಗೆ ಮೊಟ್ಟೆ, 27-28 ಡಿಗ್ರಿಯಲ್ಲಿ ಇಟ್ಟರೆ ಸುಮಾರು 60 ದಿನಕ್ಕೆ ಮರಿ.

ಸೆಕೆ ಊರಿನವರ ಕಷ್ಟ

ಚಳಿ ಊರಲ್ಲಿ ಇದೆಲ್ಲ ಸಲೀಸು. ಬಿಸಿ ಇಲ್ಲದ ಕೋಣೆಯ ಮೂಲೆಯಲ್ಲೋ ನೆಲಮಾಳಿಗೆಯಲ್ಲೋ ಡಬ್ಬಿ ಇಟ್ಟರೆ ಮುಗೀತು. ಫ್ಲೋರಿಡಾದ ಮಯಾಮಿಯಲ್ಲಿ ಜನವರಿ ಅಂದ್ರೆ ರಾತ್ರಿ 16 ಡಿಗ್ರಿ, ಮಧ್ಯಾಹ್ನ 24-25. ಅದು ಅವರ ಕಡು ಚಳಿಗಾಲ! ಹಾವನ್ನು ಹಾಗೇ ಕೋಣೆಯಲ್ಲಿ ಬಿಟ್ಟರೆ ಬೆಳಿಗ್ಗೆ ಮಲಗುತ್ತೆ, ಮಧ್ಯಾಹ್ನ ಏಳುತ್ತೆ.

ಏಳೋದ್ರಿಂದ ಏನು ನಷ್ಟ? ತೊಂದರೆ ಇರೋದೇ ಇಲ್ಲಿ. 12 ಡಿಗ್ರಿಯಲ್ಲಿ ಹಾವಿನ ಮೈ ಖರ್ಚು ಮಾಡೋದು ತೀರಾ ಕಡಿಮೆ, ಮೂರು ತಿಂಗಳು ಊಟ ಇಲ್ಲದಿದ್ದರೂ ಕೊಬ್ಬು ಹಾಗೇ ಉಳಿಯುತ್ತೆ. 28ರಲ್ಲಿ ಖರ್ಚು ಜಾಸ್ತಿ, ಆದರೆ ಊಟವೂ ಇರುತ್ತೆ, ಸರಿಹೋಗುತ್ತೆ. ಇವೆರಡರ ನಡುವೆ, 20-22ರ ಹತ್ತಿರ ನಿಂತರೆ ಎಡಬಿಡಂಗಿ ಪರಿಸ್ಥಿತಿ. ಮಲಗೋಷ್ಟು ತಂಪಿಲ್ಲ, ತಿಂದದ್ದು ಚೆನ್ನಾಗಿ ಕರಗೋಷ್ಟು ಬಿಸಿ ಇಲ್ಲ. ಎಚ್ಚರವಾಗಿ ಓಡಾಡಿಕೊಂಡು ಮೈಯ ಕೊಬ್ಬನ್ನೇ ತಿನ್ನುತ್ತೆ. ಅಂಗಡಿ ಬಾಗಿಲು ತೆಗೆದಿಟ್ಟು ಲೈಟು ಫ್ಯಾನು ಹಾಕ್ಕೊಂಡು ವ್ಯಾಪಾರ ಇಲ್ಲದೆ ಕೂತ ಹಾಗೆ. ಮಾರ್ಚ್ ಬರೋಷ್ಟರಲ್ಲಿ ಹೆಣ್ಣು ಸೊರಗಿರುತ್ತೆ, ಮೊಟ್ಟೆಗೆ ಬಂಡವಾಳವೇ ಇರಲ್ಲ.

ಇದಕ್ಕೆ ಮೂರ್ನಾಲ್ಕು ದಾರಿ ಕಂಡುಕೊಂಡಿದ್ದಾರೆ. ದುಡ್ಡಿದ್ದವರು ಒಂದು ಸಣ್ಣ ಕೋಣೆಗೆ ಥರ್ಮಾಕೋಲ್ ಹೊದಿಸಿ ಎಸಿ ಹಾಕ್ತಾರೆ. ನಮ್ಮ ಮನೆ ಎಸಿಗಳು ಸಾಮಾನ್ಯವಾಗಿ 16ಕ್ಕಿಂತ ಕೆಳಗೆ ಇಳಿಯಲ್ಲ, ಅಲ್ಲೂ ಅದೇ ಪಾಡು. ಕಾರ್ನ್ ಸ್ನೇಕ್‌ಗೆ ಅಷ್ಟಾದರೂ ಸಾಕಾಗುತ್ತೆ.

ಎರಡನೇದು ವೈನ್ ಫ್ರಿಡ್ಜ್. ಅಡುಗೆಮನೆ ಫ್ರಿಡ್ಜ್ ಯಾಕಾಗಲ್ಲ ಅಂದ್ರೆ, ಅದರೊಳಗೆ 4 ಡಿಗ್ರಿ ಆಸುಪಾಸು ಇರುತ್ತೆ. ಹಾಲಿಗೆ ಸರಿ, ಕಾರ್ನ್ ಸ್ನೇಕ್‌ಗೆ ಅತಿಯಾಯ್ತು. ವೈನ್ ಫ್ರಿಡ್ಜ್ ಮಾತ್ರ 10ರಿಂದ 18ರವರೆಗೆ ಎಲ್ಲಿ ಬೇಕಾದರೂ ನಿಲ್ಲುತ್ತೆ. ಯಾರಿಗೋ ಮಾಡಿದ ವಸ್ತು ಹಾವಿಗೆ ಹೇಳಿ ಮಾಡಿಸಿದಂತಾಯ್ತು! ಒಂದೇ ಎಚ್ಚರಿಕೆ, ಗಾಳಿ. ಬಾಗಿಲು ಮುಚ್ಚಿದರೆ ಬಿಗಿಯಾಗಿ ಕೂರುತ್ತೆ. ಹಾವಿಗೆ ಚಳಿಯಲ್ಲಿ ಉಸಿರು ಕಡಿಮೆ ಸಾಕು, ಹಾಗಂತ ತಿಂಗಳುಗಟ್ಟಲೆ ಮುಚ್ಚಿಡೋಕಾಗಲ್ಲ. ದಿನಕ್ಕೊಮ್ಮೆ ಬಾಗಿಲು ತೆಗೆದು ಗಾಳಿಯಾಡಿಸ್ತಾರೆ. ಫ್ರಿಡ್ಜ್‌ನದ್ದೇ ಡಿಸ್‌ಪ್ಲೇ ನಂಬದೆ ಹಾವಿರುವ ಡಬ್ಬಿಯೊಳಗೇ ಒಂದು ಥರ್ಮಾಮೀಟರ್ ಇಡ್ತಾರೆ.

ಮೂರನೇದು ಐಸ್ ಪೆಟ್ಟಿಗೆ, ಅದರಲ್ಲಿ ನೀರು ಗಡ್ಡೆಕಟ್ಟಿಸಿದ ಬಾಟಲಿಗಳು. ಖರ್ಚಿಲ್ಲ, ಆದರೆ ಬೆಳಿಗ್ಗೆ 8 ಡಿಗ್ರಿ, ಸಂಜೆ 20. ಹೀಗೆ ಏರಿಳಿತ ಆದ್ರೆ ಹಾವಿನ ಉಸಿರಿಗೆ ತೊಂದರೆ. ತಣ್ಣಗೆ ಮಾಡಿದ ಪೆಟ್ಟಿಗೆಯಲ್ಲಿ ತೇವ ಸೇರಿಕೊಂಡು ಹೊಟ್ಟೆಯ ಕಡೆ ಚರ್ಮಕ್ಕೆ ಗುಳ್ಳೆ ಏಳೋದೂ ಇದೆ. ಈ ದಾರಿಯನ್ನು ಬಲ್ಲವರು ಯಾರಿಗೂ ಹೇಳಲ್ಲ.

ಕರೆಂಟ್ ಹೋದ್ರೆ? ನಮ್ಮ ಕಡೆಯವರಿಗೆ ಮೊದಲು ಬರೋ ಪ್ರಶ್ನೆ. ಒಂದೆರಡು ಗಂಟೆಗೆ ಏನೂ ಆಗಲ್ಲ, ಮುಚ್ಚಿದ ಫ್ರಿಡ್ಜ್ ನಿಧಾನವಾಗಿಯೇ ಬಿಸಿಯಾಗೋದು. ಇಡೀ ದಿನ ಹೋದರೆ ಹಾವು ಎಚ್ಚರ ಆಗುತ್ತೆ, ಬಂದ ಮೇಲೆ ಮತ್ತೆ ಮಲಗುತ್ತೆ. ಪದೇ ಪದೇ ಹೀಗಾದರೆ ಮಾತ್ರ ಮೇಲೆ ಹೇಳಿದ ಎಡಬಿಡಂಗಿ ಸ್ಥಿತಿಗೆ ಬಂದು ನಿಲ್ಲುತ್ತೆ.

ನಾಲ್ಕನೇ ದಾರಿ ಅಂದ್ರೆ ಫ್ರಿಡ್ಜನ್ನೇ ಬಿಟ್ಟುಬಿಡೋದು. ದಕ್ಷಿಣ ಫ್ಲೋರಿಡಾದ ಕಾಡಿನಲ್ಲಿರೋ ಕಾರ್ನ್ ಸ್ನೇಕ್ ಜನವರಿಯಲ್ಲೂ ಬಿಸಿಲು ಬಂದ ದಿನ ಹೊರಗೆ ಓಡಾಡುತ್ತೆ. ಅದಕ್ಕೆ ಯಾರೂ ಫ್ರಿಡ್ಜ್ ಕೊಟ್ಟಿಲ್ಲ, ಆದರೂ ಪ್ರತಿ ವರ್ಷ ಮರಿ ಮಾಡುತ್ತೆ. ಅದರ ಚಳಿಗಾಲ ಅಂದ್ರೆ ರಾತ್ರಿ ತಂಪು, ಇಲಿ ಕಡಿಮೆ, ಹಗಲು ಗಿಡ್ಡ. ಡಿಸೆಂಬರ್‌ನಲ್ಲಿ ಮಯಾಮಿಯ ಹಗಲು ಹತ್ತೂವರೆ ಗಂಟೆ. ಆ ಮೂಲದ ಹಾವು ಸಾಕಿದವರು ರಾತ್ರಿ ಹೀಟರ್ ತೆಗೆದು, ಲೈಟಿನ ಗಂಟೆ ಕಡಿಮೆ ಮಾಡಿ, ಊಟ ಕಡಿಮೆ ಮಾಡಿದರೂ ಮೊಟ್ಟೆ ಸಿಗುತ್ತೆ. ಇಲ್ಲಿ ಊಟ ಪೂರ್ತಿ ನಿಲ್ಲಿಸಲ್ಲ ಅನ್ನೋದು ಗಮನಿಸಬೇಕಾದ ಮಾತು. ಹಗಲು ಬಿಸಿ ಸಿಗ್ತಿರೋದ್ರಿಂದ ಸಣ್ಣ ಊಟ ಕರಗುತ್ತೆ, ಮೈಯೂ ಸೊರಗಲ್ಲ.

ಹಾಗಾಗಿ ‘ಎಷ್ಟು ಡಿಗ್ರಿ ಇಡಬೇಕು’ ಅಂತ ಕೇಳೋ ಮೊದಲು ‘ಈ ಹಾವಿನ ಅಜ್ಜ ಮುತ್ತಜ್ಜ ಯಾವ ಊರಿನವರು’ ಅಂತ ಕೇಳಬೇಕು. ಕೆನಡಾದ ಹಾವಿಗೂ ಮಯಾಮಿ ಹಾವಿಗೂ ಒಂದೇ ಅಳತೆಯ ಕಂಬಳಿ ಆಗಲ್ಲ.

ಬಾಲ್ ಪೈಥಾನ್‌ಗೆ ಚಳಿ ಕೊಟ್ಟರೆ ಕಾಯಿಲೆ

ವಿಮಾನ ನಿಲ್ದಾಣದಲ್ಲಿ ಸಿಕ್ಕ ಬಾಲ್ ಪೈಥಾನ್ ವಿಚಾರಕ್ಕೆ ಬಂದರೆ ಲೆಕ್ಕವೇ ಬೇರೆ. ಅದು ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ್ದು. ಘಾನಾ, ಟೋಗೊ, ಬೆನಿನ್ ಕಡೆ ಅದರ ತವರು. ಅಲ್ಲಿ ಹಿಮ ಇಲ್ಲ, ನೆಲದೊಳಗೆ ತಿಂಗಳುಗಟ್ಟಲೆ ಮಲಗೋ ಅಭ್ಯಾಸವೂ ಇಲ್ಲ. ರಾತ್ರಿ ಶಾಖ ಎಂದಿಗಿಂತ ಮೂರ್ನಾಲ್ಕು ಡಿಗ್ರಿ ಇಳಿಸಿದರೆ ಅದಕ್ಕೆ ಸಾಕು, ಹಗಲು ಬಿಸಿ ಹಾಗೇ ಇರಬೇಕು. ಕಾರ್ನ್ ಸ್ನೇಕ್ ಲೆಕ್ಕದಲ್ಲಿ ಇದನ್ನು 12 ಡಿಗ್ರಿಗೆ ಇಳಿಸಿದರೆ ಉಸಿರಾಟದ ಸೋಂಕು ಬಂದು ಸಾಯುತ್ತೆ. ಎರಡೂ ‘ಸಾಕೋ ಹಾವು’ ಅನ್ನೋ ಒಂದೇ ಕಾರಣಕ್ಕೆ ಒಂದೇ ಚಿಕಿತ್ಸೆ ಕೊಡಬಾರದು.

ಹೆಬ್ಬಾವಿನ ಜಾತಿಗೆ ಚಳಿ ಎಷ್ಟು ಕಷ್ಟ ಅನ್ನೋದು ಫ್ಲೋರಿಡಾದಲ್ಲೇ ಒಮ್ಮೆ ಬಯಲಲ್ಲಿ ನಡೆದುಹೋಯ್ತು. ಆಗ್ನೇಯ ಏಷ್ಯಾದ ಬರ್ಮಾ ಹೆಬ್ಬಾವನ್ನು ಅಲ್ಲಿನವರು ಸಾಕೋಕೆ ಅಂತ ತರಿಸಿಕೊಂಡರು. ಕೈ ಮೀರಿ ಬೆಳೆದ ಮೇಲೆ ಕೆಲವರು ಎವರ್‌ಗ್ಲೇಡ್ಸ್ ಜೌಗು ಕಾಡಿಗೆ ಬಿಟ್ಟರು. ಅಲ್ಲಿ ಅದಕ್ಕೆ ಯಾರೂ ಚಳಿಗಾಲ ಮಾಡಿಕೊಡಬೇಕಾಗಲಿಲ್ಲ, ಇದ್ದ ತಂಪೇ ಸಾಕಾಯ್ತು. ಸಂತಾನ ಬೆಳೆದು ಈಗ ಅಲ್ಲಿನ ಮೊಲ, ರಕೂನ್, ಜಿಂಕೆಗಳನ್ನೆಲ್ಲ ನುಂಗ್ತಿದೆ. 2010ರ ಜನವರಿಯಲ್ಲಿ ಅಪರೂಪದ ಶೀತ ಅಲೆ ಬಂತು. ರೇಡಿಯೋ ಅಳವಡಿಸಿ ಸಂಶೋಧಕರು ಹಿಂಬಾಲಿಸುತ್ತಿದ್ದ 10 ಹೆಬ್ಬಾವುಗಳಲ್ಲಿ 9 ಸತ್ತವು. ಚಳಿ ಹಾವುಗಳ ಹಾಗೆ ಬಿಲ ಸೇರಿ ಸುಮ್ಮನಿರೋ ಬದಲು ಬಿಸಿಲು ಹುಡುಕಿಕೊಂಡು ಹೊರಗೆ ಬಂದವು ಸಹ ಇದ್ದವು. ಹಾಗಂತ ಸಮಸ್ಯೆ ಮುಗೀಲಿಲ್ಲ. ಉಳಿದವು ಮತ್ತೆ ಹೆಚ್ಚಿದವು. ಫ್ಲೋರಿಡಾ ಸರ್ಕಾರ 2021ರಲ್ಲಿ ಬರ್ಮಾ ಹೆಬ್ಬಾವನ್ನು ಸಾಕಬಾರದ ಪ್ರಾಣಿಗಳ ಪಟ್ಟಿಗೇ ಸೇರಿಸಿತು.

ನಮ್ಮ ಮಲೆನಾಡಿನ ಚಳಿ ಸಾಕಾ?

ಶಿವಮೊಗ್ಗದಲ್ಲಿ ಜನವರಿ ರಾತ್ರಿ 15 ಡಿಗ್ರಿ ಆಸುಪಾಸಿಗೆ ಇಳಿದರೂ ಮಧ್ಯಾಹ್ನ 30ರ ಹತ್ತಿರ ಇರುತ್ತೆ. ಹಗಲೂ ಅಷ್ಟೇನೂ ಗಿಡ್ಡ ಆಗಲ್ಲ, ಡಿಸೆಂಬರ್‌ನಲ್ಲೂ ಹನ್ನೊಂದೂಕಾಲು ಗಂಟೆ ಬೆಳಕು. ಚಳಿ ದೇಶದ ಹಾವಿಗೆ ಇದು ಚಳಿಗಾಲವೇ ಅಲ್ಲ, ಎಡಬಿಡಂಗಿ. ಮಯಾಮಿಗೆ ಹೋಲಿಸಿದರೂ ನಮ್ಮ ಮಧ್ಯಾಹ್ನ ಬಿಸಿ ಜಾಸ್ತಿ. ಮಂಗಳೂರು, ಉಡುಪಿ ಕಡೆ ರಾತ್ರಿಯೇ 20ರ ಮೇಲೆ, ಅಲ್ಲಿ ಕೇಳೋದೇ ಬೇಡ.

ನಮ್ಮ ನೆಲದ ಹಾವಿಗೆ ಮಾತ್ರ ಈ ಚಳಿಯೇ ಸರಿಯಾದ ಅಳತೆ. ನಮ್ಮ ಹೆಬ್ಬಾವು ಜೋಡಿಯಾಗೋದೇ ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ. ಆಮೇಲೆ ಮೊಟ್ಟೆ ಇಟ್ಟು, ಅದರ ಸುತ್ತ ಸುರುಳಿ ಸುತ್ತಿಕೊಂಡು, ಮೈ ನಡುಗಿಸಿ ಮೊಟ್ಟೆಗೆ ಶಾಖ ಕೊಡುತ್ತೆ. ಕೊಳಕುಮಂಡಲ ಸಹ ಚಳಿಗಾಲದಲ್ಲೇ ಜೋಡಿ ಹುಡುಕಿಕೊಂಡು ಓಡಾಡೋದು, ಮಳೆಗಾಲದ ಹೊತ್ತಿಗೆ ಮರಿ ಹಾಕುತ್ತೆ. ಅಡಿಕೆ ಕೊಯ್ಲು ನಡೆಯೋ ತಿಂಗಳುಗಳಲ್ಲೇ ತೋಟದ ತರಗೆಲೆ ರಾಶಿಯಲ್ಲಿ, ಬೆಳಗಿನ ಬಿಸಿಲಿಗೆ ಮೈ ಕಾಯಿಸುತ್ತಾ ಅದು ಸಿಗೋಕೆ ಇದೂ ಒಂದು ಕಾರಣ. ಕೊಯ್ಲಿಗೆ ಹೋಗೋರು ತರಗಿಗೆ ಬರಿಗೈ ಹಾಕಬಾರದು, ಬೂಟು ಹಾಕಿಕೊಂಡೇ ಹೋಗಬೇಕು.

‘ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತೆ’ ಅಂತಾರಲ್ಲ, ಆಗುಂಬೆ ಕಡೆ ಕಾಳಿಂಗನ ಸರದಿ ಶುರುವಾಗೋದೂ ಸರಿಸುಮಾರು ಆಗಲೇ. ಬೇಸಿಗೆ ಏರ್ತಿದ್ದ ಹಾಗೆ ಗಂಡುಗಳು ಹೆಣ್ಣಿನ ವಾಸನೆ ಹಿಡಿದು ಹೊರಡ್ತವೆ, ಎರಡು ಗಂಡು ಎದುರಾದರೆ ಹೆಡೆ ಎತ್ತಿ ಒಂದನ್ನೊಂದು ನೆಲಕ್ಕೆ ಒತ್ತುತ್ತವೆ. ವಾಟ್ಸ್ಯಾಪ್‌ನಲ್ಲಿ ‘ಹಾವುಗಳ ಸರಸ’ ಅಂತ ಓಡಾಡೋ ವಿಡಿಯೋಗಳಲ್ಲಿ ಎದ್ದು ನಿಂತು ಹೆಣೆದುಕೊಂಡವು ಸಾಮಾನ್ಯವಾಗಿ ಎರಡೂ ಗಂಡು, ಅದು ಕುಸ್ತಿ. ಮಳೆ ಹಿಡಿಯೋ ಮೊದಲು ಹೆಣ್ಣು ತರಗೆಲೆ ಗುಡ್ಡೆ ಹಾಕಿ ಗೂಡು ಕಟ್ಟಿ ಮೊಟ್ಟೆ ಇಡುತ್ತೆ. ನಮ್ಮ ಪಶ್ಚಿಮ ಘಟ್ಟದ ಕಾಳಿಂಗ ಬೇರೆಯದೇ ಜಾತಿ ಅಂತ 2024ರಲ್ಲಿ ವಿಜ್ಞಾನಿಗಳು ಗುರುತಿಸಿ ‘ಓಫಿಯೋಫೇಗಸ್ ಕಾಳಿಂಗ’ ಅಂತ ಹೆಸರಿಟ್ಟರು. ವಿಜ್ಞಾನದ ಹೆಸರಿನಲ್ಲಿ ಕನ್ನಡ ಪದ ಸೇರಿಕೊಂಡಿದ್ದು ನಮ್ಮ ಜಿಲ್ಲೆಗೆ ಖುಷಿಯ ವಿಷಯವೇ.

ಈ ಯಾವ ಹಾವಿಗೂ ಫ್ರಿಡ್ಜ್ ಬೇಡ. ಹುತ್ತದೊಳಗೆ ಹಗಲು ರಾತ್ರಿ ಶಾಖದ ಏರಿಳಿತ ಹೊರಗಿನಷ್ಟಿರಲ್ಲ, ತೇವವೂ ಹದವಾಗಿರುತ್ತೆ. ಲಕ್ಷ ರೂಪಾಯಿ ಕೋಣೆ ಮಾಡೋ ಕೆಲಸವನ್ನ ಗೆದ್ದಲು ಪುಕ್ಕಟೆ ಮಾಡಿಟ್ಟಿದೆ.

ಸಾಕೋರು, ಮಾರೋರು ತಿಳಿದಿರಬೇಕಾದ ಕಾನೂನು

ನಾಗರಹಾವು, ಕೇರೆ, ಹೆಬ್ಬಾವು, ಕೊಳಕುಮಂಡಲ, ಕಾಳಿಂಗ, ಇವನ್ನು ಹಿಡಿದು ಮನೆಯಲ್ಲಿಡೋದು, ಮಾರೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ‘ನಾನು ಸಾಕಿ ಮರಿ ಮಾಡಿಸ್ತೀನಿ, ಒಳ್ಳೇದಲ್ವಾ’ ಅನ್ನೋ ವಾದ ನಡೆಯಲ್ಲ.

ವಿದೇಶಿ ಹಾವಿನ ವಿಚಾರ ಹಿಂದೆ ಸಡಿಲವಾಗಿತ್ತು. 2020ರಲ್ಲಿ ಕೇಂದ್ರ ಸರ್ಕಾರ, ಇಂಥ ಪ್ರಾಣಿ ಇದ್ದವರು ತಾವೇ ಮುಂದೆ ಬಂದು ಘೋಷಿಸಿಕೊಳ್ಳಿ ಅಂತ ಆರು ತಿಂಗಳು ಅವಕಾಶ ಕೊಟ್ಟಿತ್ತು. 2022ರಲ್ಲಿ ಕಾಯ್ದೆಗೆ ತಿದ್ದುಪಡಿ ಆಗಿ, ಅಂತಾರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರೋ ಪ್ರಾಣಿಗಳನ್ನು ನಾಲ್ಕನೇ ಪರಿಚ್ಛೇದಕ್ಕೆ ಸೇರಿಸಿದರು. ಬಾಲ್ ಪೈಥಾನ್ ಅದರೊಳಗೆ ಬರುತ್ತೆ. 2024ರ ಫೆಬ್ರವರಿಯಲ್ಲಿ ಬಂದ ನಿಯಮಗಳ ಪ್ರಕಾರ ಅಂಥ ಪ್ರಾಣಿ ಕೈಗೆ ಬಂದ 30 ದಿನದೊಳಗೆ ‘ಪರಿವೇಶ್ 2.0’ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಬೇರೆಯವರಿಗೆ ಕೊಟ್ಟರೂ, ಮರಿಯಾದರೂ, ಸತ್ತರೂ ತಿಳಿಸಬೇಕು. ಅಂದ್ರೆ ಗುಟ್ಟಾಗಿ ಜೋಡಿ ಕಟ್ಟಿ ಮರಿ ಮಾಡಿಸಿದರೆ ತಾಯಿ ಹಾವಿನ ಜೊತೆ ಅಷ್ಟೂ ಮರಿಗಳ ಲೆಕ್ಕ ಕೊಡಬೇಕಾಗುತ್ತೆ.

ಕಾರ್ನ್ ಸ್ನೇಕ್ ಆ ಪಟ್ಟಿಯಲ್ಲಿಲ್ಲ. ಹಾಗಂತ ಕಾಗದ ಇಲ್ಲದೆ ಸೂಟ್‌ಕೇಸ್‌ನಲ್ಲಿ ಬಂದದ್ದು ಸಕ್ರಮ ಆಗಲ್ಲ, ಅದು ಕಳ್ಳಸಾಗಣೆಯೇ. ಸಾಕುಪ್ರಾಣಿ ಅಂಗಡಿ ಇಟ್ಟವರು 2018ರ ನಿಯಮದ ಪ್ರಕಾರ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ಅಂಗಡಿ ನೋಂದಾಯಿಸಿರಬೇಕು. ಅಕ್ವೇರಿಯಂ, ಲವ್‌ಬರ್ಡ್ಸ್ ಮಾರೋ ಅಂಗಡಿಗೆ ಯಾರಾದರೂ ಬಂದು ‘ಅಣ್ಣಾ, ಎರಡು ಹಾವಿದೆ, ಇಟ್ಕೊಳ್ಳಿ, ಗಿರಾಕಿ ನಾನೇ ಕಳಿಸ್ತೀನಿ’ ಅಂದ್ರೆ ಮೊದಲು ಕೇಳಬೇಕಾದ್ದು ಬಿಲ್ಲು ಮತ್ತು ನೋಂದಣಿ ಕಾಗದ. ಕಾಗದ ಇಲ್ಲ ಅಂದ್ರೆ ಡಬ್ಬಿಯನ್ನು ಕೌಂಟರ್ ಕೆಳಗೆ ಒಂದು ದಿನವೂ ಇಟ್ಟುಕೊಳ್ಳೋದು ಬೇಡ, ಸಿಕ್ಕಿಬಿದ್ದಾಗ ಹಾವು ಯಾರ ಅಂಗಡಿಯಲ್ಲಿತ್ತು ಅನ್ನೋದನ್ನೇ ನೋಡೋದು.

ಸಾಕಲಾಗದೆ ಯಾರೋ ಬಿಟ್ಟುಹೋದ, ನಮ್ಮ ಕಡೆಯದ್ದಲ್ಲದ ಬಣ್ಣದ ಹಾವು ಕಂಡರೆ ಹೊಡೆಯೋದೂ ಬೇಡ, ‘ಪಾಪ’ ಅಂತ ಕಾಡಿಗೆ ಬಿಡೋದೂ ಬೇಡ. ನೋಡೋಕೆ ವಿಷ ಇಲ್ಲದ್ದರಂತೆ ಕಂಡರೂ ಕೈಯಲ್ಲಿ ಮುಟ್ಟದೆ ದೂರದಿಂದ ಫೋಟೋ ತೆಗೆದು, ಅರಣ್ಯ ಇಲಾಖೆ ಸಹಾಯವಾಣಿ 1926ಕ್ಕೆ ಅಥವಾ ಹತ್ತಿರದ ವಲಯ ಅರಣ್ಯ ಕಚೇರಿಗೆ ತಿಳಿಸಿ. ಹಿಡಿಯೋಕೆ ಬಂದವರಿಗೆ ಹಾವು ಎಲ್ಲಿ, ಎಷ್ಟು ಹೊತ್ತಿಗೆ ಕಂಡಿತು ಅಂತ ಹೇಳಿ. ಜನವರಿ ಬೆಳಿಗ್ಗೆಯಾದರೆ ಅದು ಚಳಿಗೆ ಮಂಕಾಗಿ ಸತ್ತಂತೆ ಬಿದ್ದಿರಬಹುದು, ಹತ್ತು ಗಂಟೆ ಬಿಸಿಲಿಗೆ ಅದೇ ಹಾವು ಎದ್ದು ಹರಿದು ಹೋಗುತ್ತೆ.